ಹಾಸಿಗೆ ಹೊಲಿಯುತ್ತಿದ್ದ ಭಾಯ್

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ ಭಾಯ್ ಒಬ್ಬರಿದ್ದರು. ಅವರ ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ ಕೂತಿರುತ್ತಿತ್ತು. ಯಾರು ಎಷ್ಟು ಹಳೆಯ ಹಾಸಿಗೆ ತಂದರೂ, "ಹತ್ತಿ ಎಲ್ಲಿಗೂ ಹೋಗಲ್ಲಕ್ಕಾ" ಎನ್ನುತ್ತಿದ್ದರು.

ನಾನು ತುಮಕೂರಿನ ಹಾಸ್ಟೆಲಿಗೆ ಹೊರಟಾಗ, ಬಕೆಟ್ಟು, ತಟ್ಟೆ, ಬೀಗ ಕೊಳ್ಳುವಷ್ಟರಲ್ಲೇ ಅಮ್ಮನ ಪರ್ಸು ಬರಿದಾಗಿತ್ತು. ಹೊಸ ಹಾಸಿಗೆಯ ಮಾತೇ ಇರಲಿಲ್ಲ. ನಾವಿಬ್ಬರೂ ಮಲಗುತ್ತಿದ್ದ ಹಾಸಿಗೆಯನ್ನೇ ಆಟೋದಲ್ಲಿ ಹೇರಿಕೊಂಡು ಅವರ ಬಳಿ ಹೋದೆವು.

"ಇದನ್ನ ಎರಡು ಮಾಡ್ಕೊಡಿ ಭಾಯ್" ಎಂದಳು ಅಮ್ಮ.

ಅವರು ಹಾಸಿಗೆಯ ಮೇಲೆ ನಿಧಾನವಾಗಿ ಅಂಗೈ ಆಡಿಸಿದರು. ಒಂದು ಪಕ್ಕ ಹೆಚ್ಚು ತಗ್ಗಾಗಿತ್ತು.

"ಈ ಕಡೆ ನೀವು ಮಲಗೋದಲ್ವಾ ಅಕ್ಕಾ?"

ಅಮ್ಮ ಹೌದೆಂದಳು. ಅವರು ಹೊಲಿಗೆ ಬಿಚ್ಚಿ, ಎರಡೂ ಪಕ್ಕದ ಹತ್ತಿಯನ್ನು ಬೇರೆ ಬೇರೆಯಾಗಿ ಹಿಂಜಿದರು. ಅಮ್ಮನ ಕಡೆಯದನ್ನು ನನ್ನ ಹಾಸಿಗೆಗೆ ತುಂಬಿದರು, ನನ್ನ ಕಡೆಯದನ್ನು ಅಮ್ಮನ ಹಾಸಿಗೆಗೆ. ಅದಲುಬದಲಾಯಿತು ಎಂದೆ.

"ಗೊತ್ತು ಬೇಟಿ" ಎಂದರು, ದಾರ ಕಚ್ಚಿ ಹರಿಯುತ್ತಾ. "ಓದು ಮುಗಿಸ್ಕೊಂಡು ಬಾ, ಮತ್ತೆ ಒಂದೇ ಮಾಡ್ಕೊಡ್ತೀನಿ. ಹತ್ತಿ ಎಲ್ಲಿಗೂ ಹೋಗಲ್ಲ."

ಓದು ಮುಗಿಸಿ ಬಂದೆ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆ ಅಂಗಡಿಯಲ್ಲಿ ಈಗ ಫೋಮ್ ಹಾಸಿಗೆ ಮಾರುತ್ತಾರೆ.

ಮನೆಯಲ್ಲಿ ಎರಡೂ ಹಾಸಿಗೆಗಳನ್ನು ಒತ್ತಾಗಿ ಹಾಸಿಕೊಂಡು ಮಲಗುತ್ತೇವೆ. ಬೆಳಗಾಗುವಷ್ಟರಲ್ಲಿ ನಡುವೆ ಸಂದು ಬಿಟ್ಟಿರುತ್ತದೆ. ಅದನ್ನು ಮುಚ್ಚಿ ಹೊಲಿಯುವವರು ಈಗ ಈ ಊರಿನಲ್ಲಿ ಯಾರೂ ಇಲ್ಲ.