ಹತ್ತನೆಯ ಹೆಂಗಸು ಮತ್ತು ಒಂದು ಕೆಳದಾರಿ

2006ರ ಡಿಸೆಂಬರ್. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಜೋಡಿಸುವ ತ್ವರಿತ ಬಸ್ ಮಾರ್ಗದ ಯೋಜನಾ ವರದಿ ಬರೆಯುವ ತಂಡದಲ್ಲಿ ನಾನು ಸಾರಿಗೆ ಎಂಜಿನಿಯರ್ ಆಗಿದ್ದೆ. ಹೆದ್ದಾರಿಯ ನಡುವೆ ಬಸ್ಸಿಗೇ ಮೀಸಲಾದ ದಾರಿ, ನಿಲ್ದಾಣಗಳೂ ರಸ್ತೆಯ ನಡುವೆಯೇ. ಜನ ಲಾರಿಗಳಿಗೆ ಅಡ್ಡ ಹೋಗದೆ ಅಲ್ಲಿಗೆ ತಲುಪಬೇಕೆಂದರೆ ರಸ್ತೆಯಡಿ ಕೆಳದಾರಿ ಬೇಕು. ಸಾಲ ಕೊಡಬೇಕಾದ ಬ್ಯಾಂಕಿನವರು ಖರ್ಚು ಇಳಿಸಿ ಎಂದು ಪಟ್ಟು ಹಿಡಿದಾಗ ನಾನೇ ಒಂದು ನಿಯಮ ಮಾಡಿದೆ: ಬೆಳಗಿನ ಸರ್ವೆಯಲ್ಲಿ ಹತ್ತು ಮಂದಿಯಾದರೂ ಸಿಗದ ನಿಲ್ದಾಣಕ್ಕೆ ಕೆಳದಾರಿ ಇಲ್ಲ. ಹಳ್ಳಿಯವರನ್ನು ಯಾರೂ ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮ ಕಸುಬಿನಲ್ಲಿ ಇರಲಿಲ್ಲ.

ಮೋಟೆಬೆನ್ನೂರಿನ ಹತ್ತಿರದ ಒಂದು ಸಣ್ಣ ಸ್ಟಾಪಿನಲ್ಲಿ ಲೆಕ್ಕ ತಾಳೆಯಾಗಲಿಲ್ಲ. ನಮ್ಮ ಸರ್ವೆಗೆ ಜನರನ್ನು ಎಣಿಸುತ್ತಿದ್ದ ನಿವೃತ್ತ ಮೇಷ್ಟ್ರು ಮಹದೇವಪ್ಪ ಮೂರು ದಿನವೂ ಹತ್ತು ಎಂದು ಬರೆದಿದ್ದರು. ಮೂರು ದಿನವೂ ಕಂಡಕ್ಟರ್ ಕೊಟ್ಟ ಟಿಕೆಟ್ ಒಂಬತ್ತೇ. ನಿದ್ದೆಗಣ್ಣಲ್ಲಿ ಎಣಿಸಿದಿರಾ ಎಂದು ರೇಗಿಸಿದೆ.

"ಮೂವತ್ತು ವರ್ಷ ಸಾಲ್ಯಾಗ ಹಾಜರಿ ಬರದಾಂವ ನಾ. ಹತ್ತು ಅಂದ್ರ ಹತ್ತ ರೀ. ಮಂದಿ ರಸ್ತೆ ದಾಟಿ ಬರೂ ಮುಂದ ಎಣಿಸೇನಿ," ಎಂದರು ಅವರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನಲ್ಲ ನಾನು. ಮರುದಿನ ಬೆಳಿಗ್ಗೆ ನಾನೇ ಹೋಗಿ ನಿಂತೆ.

ದಟ್ಟ ಮಂಜು. ಎದುರು ಬದಿಯ ಹಳ್ಳಿಯಿಂದ ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ದಾಟಿ ಬಂದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು. ಖಾರದ ಘಾಟಿಗೆ ಮೊದಲೇ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಕಣ್ಣಷ್ಟೇ ಕಾಣುತ್ತಿತ್ತು. ಬಾಯಿಬಿಟ್ಟು ಎಣಿಸಿದೆ. ಹತ್ತು. ಬಸ್ ಬಂತು, ಹತ್ತಿದರು. ಹಿಂದೆಯೇ ಹತ್ತಿ ಸೀಟು ಸೀಟು ನೋಡಿದೆ. ಒಂಬತ್ತು.

ಯಾರೂ ಹಿಂದಿರುಗಿರಲಿಲ್ಲ. ಕೆಳಗಿಳಿದು ಬಸ್ಸಿನಡಿ ಬಗ್ಗಿ ನೋಡಿದೆ. ಈಗ ಹೇಳಲು ನಾಚಿಕೆ, ಗಾಲಿಗಳ ಹಿಂದೆಯೂ ಹುಡುಕಿದೆ.

ಅವರಲ್ಲಿ ಹಿರಿಯಳಾದ ಕಲ್ಲವ್ವ ಕಿಟಕಿಯಿಂದ ಕೇಳಿದಳು: "ಎಷ್ಟಾತ್ರಿ ಸಾಹೇಬ್ರ?"

"ಹತ್ತು."

"ಅಕಿ ನಮ್ಮ ಗಿರಿಜವ್ವ ರೀ. ಹೋದ ವರ್ಷ ಇಲ್ಲೇ ಲಾರಿ ಬಡದು ಸತ್ಲು. ದಾಟೂ ಮುಂದ ಇರ್ತಾಳ. ದಾಟಿದ ಮ್ಯಾಲ ಇರೂದಿಲ್ಲ."

"ಹೆದರಿಕಿ ಆಗೂದಿಲ್ಲೇನವ್ವ?"

"ಅಕೀದೇನ ಹೆದರಿಕಿ? ನಮಗ ಲಾರೀದ ಹೆದರಿಕಿ."

ಬಸ್ ಮಂಜಿನೊಳಗೆ ಹೋಯಿತು. ನಾನು ಮತ್ತೆ ಆ ಬದಿಗೆ ದಾಟಬೇಕಿತ್ತು. ಜೀಪು ಅಲ್ಲೇ ನಿಂತಿತ್ತು. ಹತ್ತು ಹೆಜ್ಜೆಯ ರಸ್ತೆ ದಾಟಲು ನನಗೆ ಕಾಲು ಗಂಟೆ ಹಿಡಿಯಿತು.

ಹಾವೇರಿಯ ಕಚೇರಿಯಲ್ಲಿ ನನ್ನ ಮೇಲಿನವರಿಗೆ ಗೊಂದಲವೇ ಇರಲಿಲ್ಲ. "ಟಿಕೆಟ್ ಒಂಬತ್ತು ಅದಾವಲ್ಲ, ಒಂಬತ್ತು ಬರೀರಿ. ಒಂದು ಕೆಳದಾರಿ ಖರ್ಚು ಉಳೀತೈತಿ," ಎಂದರು. ಒಂಬತ್ತು ಬರೆದರೆ ಆ ಹೆಂಗಸರು ದಿನವೂ ಲಾರಿಗಳ ನಡುವೆಯೇ ದಾಟಬೇಕು. ನಿಯಮ ನನ್ನದೇ. ಅದನ್ನು ನೆನೆದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಹತ್ತು ಎಂದು ಬರೆದೆ. ಎಣಿಸಿದವರು ಎಂಬಲ್ಲಿ ಮಹದೇವಪ್ಪನವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಸೇರಿಸಿ ಸಹಿ ಹಾಕಿದೆ. ಸುಳ್ಳೇ? ನನ್ನ ಕಣ್ಣು ಕಂಡದ್ದು ಹತ್ತೇ.

ಬಸ್ ಮಾರ್ಗಕ್ಕೆ ಸಾಲ ಸಿಗಲಿಲ್ಲ, ವರದಿ ಬೀರುವಿನಲ್ಲಿ ಧೂಳು ತಿಂದಿತು. ಆದರೆ ಕೆಳದಾರಿಗಳ ಆ ಒಂದು ಹಾಳೆ ಹೆದ್ದಾರಿ ಅಗಲ ಮಾಡುವವರ ಕೈಗೆ ಹೋಗಿತ್ತು. ಎರಡು ವರ್ಷದ ಮೇಲೆ ನಾನು ಆ ದಾರಿಯಲ್ಲಿ ಹೋದಾಗ ಕೆಳದಾರಿ ಸಿದ್ಧವಾಗಿತ್ತು. ಜೀಪು ನಿಲ್ಲಿಸಿ, ಹಳೆಯ ಚಟದಂತೆ ಎಣಿಸಿದೆ. ಒಳಗೆ ಹೋದವರು ಒಂಬತ್ತು, ಹೊರಗೆ ಬಂದವರು ಒಂಬತ್ತು.

ತಾಳೆಯಾಗದ ಅಂಕಿಯನ್ನು ಅಳಿಸುವ ಮೊದಲು ಆ ಜಾಗಕ್ಕೆ ಹೋಗಿ ನಿಲ್ಲಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟು. ಆದರೂ ಅಂದು ತಾಳೆಯಾದ ಲೆಕ್ಕವನ್ನು ನಂಬದೆ ಕೆಳದಾರಿಯೊಳಗೆ ಬಗ್ಗಿ ನೋಡಿದೆ. ಕಲ್ಲವ್ವ ನನ್ನ ಗುರುತು ಹಿಡಿದು ಹತ್ತಿರ ಬಂದಳು.

"ಅಕಿ ಈಗ ಬರೂದಿಲ್ರಿ ಸಾಹೇಬ್ರ," ಎಂದಳು. "ನಮ್ಮನ್ನ ದಾಟಿಸೂ ಕೆಲಸ ಮುಗೀತಲ್ಲ."