ವೀಣಾಳ ಕಾದಂಬರಿಯ ಬಗ್ಗೆ ನಾನು ಹೇಳಿದ ಸುಳ್ಳು

ವೀಣಾಳ ಕಾದಂಬರಿ ಅಚ್ಚಾಗುವುದು ಬೇಡವೆಂದು ನಾನು ಹೇಳಿದ್ದು ಹೊಟ್ಟೆಕಿಚ್ಚಿನಿಂದ. ಇಷ್ಟನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

ವೀಣಾ ಧಾರವಾಡದವಳು, ಈಗ ಅಮೆರಿಕದ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಮನೆ. ಗಂಡ ಮಾರ್ಕಸ್ ಕಪ್ಪು ಅಮೆರಿಕನ್. ಅವನ ಹಿರಿಯರು ಇದೇ ನ್ಯೂಜೆರ್ಸಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರು. ನಮ್ಮ ಕನ್ನಡ ಬಳಗದಲ್ಲಿ ಲೇಖಕಿ ಎಂದರೆ ನಾನೊಬ್ಬಳೇ — ಹಾಗೆಂದುಕೊಂಡಿದ್ದೆ. ಆರು ವರ್ಷದಿಂದ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೆ. ಅದರಲ್ಲಿ ಗುಲಾಮರೆಂದರೆ ರೋಬೋಟುಗಳು. ಮನುಷ್ಯರು ಮನುಷ್ಯರನ್ನು ಮಾರಿದ್ದು ನಾನು ಕಲ್ಪಿಸಿದ ಆ ಭವಿಷ್ಯದಲ್ಲಿ ಯಾರಿಗೂ ನೆನಪಿರಲಿಲ್ಲ.

ಆಗ ವೀಣಾ ತನ್ನ ಹಸ್ತಪ್ರತಿ ಓದಲು ಕೊಟ್ಟಳು. ಅವಳ ಕಾದಂಬರಿಯಲ್ಲಿ ಎಲ್ಲರಿಗೂ ನೆನಪಿತ್ತು — ಆದರೂ ಅದೇ ಮತ್ತೆ ನಡೆಯುತ್ತಿತ್ತು. ದೂರದ ನಕ್ಷತ್ರಕ್ಕೆ ಹೊರಟ ನೌಕೆ. ಅಲ್ಲಿ ಕೂಲಿಯವರಿಗೆ ಹುಟ್ಟುವ ಮಕ್ಕಳು ಕಂಪನಿಯ ಸ್ವತ್ತು. ಹೆಸರಿಲ್ಲ, ನಂಬರು ಮಾತ್ರ. ಒಬ್ಬ ತಾಯಿ, ನಂಬರು ಹಾಕುವವರು ಬರುವ ಮೊದಲೇ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಾಳೆ — ಹಿಂದೆ ನ್ಯೂಜೆರ್ಸಿಯಲ್ಲಿ ಗುಲಾಮಳಾಗಿ ಮಾರಾಟವಾದ ಹಿರಿಯಳೊಬ್ಬಳ ಹೆಸರು. ನಮ್ಮ ತೊಟ್ಟಿಲ ಶಾಸ್ತ್ರವನ್ನು ಅಲ್ಲಿಗೆ ತಂದಿಟ್ಟಿದ್ದಳು. ನನಗೇಕೆ ಇದು ಹೊಳೆಯಲಿಲ್ಲ...

ವಾರದ ನಂತರ ಫೋನ್ ಮಾಡಿದಳು. “ಅಕ್ಕಾ, ಖರೇ ಹೇಳ್ರಿ. ಪ್ರಿಂಟಿಗೆ ಕೊಡ್ಲೇನು?”

“ಬೇಡ ವೀಣಾ. ಇದು ನಮ್ಮ ಕಥೆ ಅಲ್ಲ. ನಮ್ಮವರಿಗೆ ಕನೆಕ್ಟ್ ಆಗಲ್ಲ.”

“ಆತ್ರಿ ಅಕ್ಕಾ” ಎಂದಳು. ಅಷ್ಟೇ.

ನಮ್ಮ ಕಥೆ ಅಲ್ಲವಂತೆ — ಅವಳ ಮಗಳ ನಾಮಕರಣದ ದಿನ ಸೋದರತ್ತೆಯ ಜಾಗದಲ್ಲಿ ನಿಂತು, ಆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ನಾನೇ.

ನನ್ನ ಕಾದಂಬರಿ ಹೋದ ವರ್ಷ ಅಚ್ಚಾಯಿತು. ಬಿಡುಗಡೆಗೆ ವೀಣಾ ಬಂದಿದ್ದಳು. ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ನನಗೆ ದಕ್ಕಲಿಲ್ಲ.

ಹೋದ ಶನಿವಾರ ಅವಳ ಮನೆಗೆ ಡ್ರೈವ್ ಮಾಡಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಸಿಟ್ಟಾಗಲಿಲ್ಲ — ಸಿಟ್ಟಾಗಿದ್ದರೆ...

“ಪೂರ್ತಿ ಓದಿದ್ರೇನು?” ಎಂದು ಮಾತ್ರ ಕೇಳಿದಳು.

“ಎರಡು ಸಲ.”

“ನಾ ಅವತ್ತಿಂದ ಒಂದು ಸಾಲೂ ಬರ್ದಿಲ್ಲ, ಅಕ್ಕಾ.” ಎದ್ದು ಒಳಗೆ ಹೋದಳು. ಬಹಳ ಹೊತ್ತು ಕಾದೆ. ಹೊರಗೆ ಬರಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಅದನ್ನು ಅವಳಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಅವಳು ಬರೆಯುವುದನ್ನು ಬಿಟ್ಟಳೆಂದು ಕೇಳಿದಾಗ, ಒಂದು ಕ್ಷಣ — ಒಂದೇ ಕ್ಷಣ — ನನಗೆ ಸಮಾಧಾನವಾಯಿತು.