ಮರಳಿನ ಮೇಲೆ ಬಿಟ್ಟು ಬಂದರು

ಹಾಸನದಲ್ಲಿ ನಾವು ಬಾಡಿಗೆಗಿದ್ದ ಮನೆಯ ಎದುರಿಗೆ ಕಂದಾಯ ಇಲಾಖೆಯ ಒಬ್ಬ ಶೇಕ್ದಾರರಿದ್ದರು. ಕೆಲಸದಲ್ಲಿದ್ದಷ್ಟು ದಿನ ಕುದುರೆಯಿಂದ ಇಳಿಯದಿದ್ದ ಮನುಷ್ಯ, ಪಿಂಚಣಿ ಬಂದ ಮೇಲೆ ನಡಿಗೆಯ ಮಹಿಮೆಯನ್ನು ಕಂಡುಕೊಂಡರು. ಬೆಳಗಾದರೆ ಖಾಕಿ ಚಡ್ಡಿ, ಮೊಣಕಾಲವರೆಗೆ ಉಣ್ಣೆಯ ಕಾಲುಚೀಲ, ಕಿರ್‍ರೆನ್ನುವ ಬೂಟ್ಸು. ಎದುರಿಗೆ ಬಂದವರನ್ನೆಲ್ಲ ಬೆತ್ತ ಅಡ್ಡ ಹಿಡಿದು ನಿಲ್ಲಿಸಿ, "ದಿನಕ್ಕೆಷ್ಟು ಮೈಲಿ ನಡೀತೀರಿ?" ಎಂದು ಕೇಳುವರು. ತಲೆಯ ಮೇಲೆ ಸೌದೆ ಹೊತ್ತು ಸಂತೆಗೆ ಬರುತ್ತಿದ್ದ ಹೆಂಗಸರನ್ನೂ ಕೇಳಿದ್ದುಂಟು. ಅವರು ಈತನಿಗೆ ಏನಾಗಿದೆಯೋ ಎಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

ನನ್ನ ಯಜಮಾನರು ಮಿಡ್ಲ್‌ಸ್ಕೂಲಿನಲ್ಲಿ ಮೇಷ್ಟರು. ದೊಡ್ಡವರು ಯಾರಾದರೂ ಹೆಗಲ ಮೇಲೆ ಕೈಯಿಟ್ಟರೆ ಕರಗಿಹೋಗುವ ಸ್ವಭಾವ. ಶೇಕ್ದಾರರು ಕೈಯಿಟ್ಟರು, ಇವರು ಕರಗಿದರು. ನಡಿಗೆಯ ಗುಂಪಿಗೆ ಮೂರನೆಯವರು ಹಿರೀಸಾವೆ ಕಡೆಯ ಒಬ್ಬ ಜವಳಿ ಸಾವ್ಕಾರರು. ಭಾರಿ ಶರೀರ, ಮೆತ್ತನೆ ಮಾತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ನಡೆಯಿರಿ ಎಂದಿದ್ದರಂತೆ, ಅದಕ್ಕೆ ಸೇರಿಕೊಂಡಿದ್ದರು. ಹೊಳೆನರಸೀಪುರದಲ್ಲಿ ಹೇಮಾವತಿ ದಡದ ಮೇಲೆ ಒಂದು ದಿನ ಅಭ್ಯಾಸ ನಡೆಯಿತು. ಸಾವ್ಕಾರರು ಅರ್ಧ ದಾರಿಯಲ್ಲೇ ಎದೆ ಹಿಡಿದುಕೊಂಡು ಕೂತರು. ಶೇಕ್ದಾರರು, "ಇದು ಹೊಳೆಗಾಳಿ, ಭಾರ. ಸಮುದ್ರದ ಗಾಳಿಗೆ ಎಲ್ಲ ಸರಿಹೋಗುತ್ತೆ" ಎಂದು ತೀರ್ಪು ಕೊಟ್ಟರು. ಅವರು ಅಲ್ಲಿಯವರೆಗೆ ಸಮುದ್ರವನ್ನು ನೋಡಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಸಂಕ್ರಾಂತಿ ಕಳೆದ ಮೇಲೆ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಡಲಂಚು ಹಿಡಿದು ಬಡಗಲಿಗೆ ನಡೆಯುವುದೆಂದು ನಿಶ್ಚಯವಾಯಿತು. ಅಡಿಗೆಗೆ ಹೆಂಗಸರು ಬೇಕಲ್ಲ, ಶೇಕ್ದಾರರ ಹೆಂಡತಿಯನ್ನೂ ನನ್ನನ್ನೂ ಹೊರಡಿಸಿದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಲ್ಲಿಪಟ್ಟಣದ ಕಡೆಯ ರೈತರ ಮಗಳು, ಗಂಡನ ಮುಂದೆ ಮಾತು ಕಡಿಮೆ.

ಹೊರಡುವ ಹಿಂದಿನ ಸಂಜೆ ಶೇಕ್ದಾರರು ಜಗುಲಿಯ ಮೇಲೆ ನಿಂತು ನಮ್ಮನ್ನು ವಿಂಗಡಿಸಿದರು. ಕಡಲತೀರದಲ್ಲಿ ಮೂರು ದಾರಿಗಳಂತೆ. ನೀರಂಚಿನ ಮರಳು ಬಲಿಷ್ಠರಿಗೆ. ಅದರ ಹಿಂದಿನ ತೆಂಗಿನ ತೋಪಿನ ಕಾಲುದಾರಿ ಸಾಧಾರಣದವರಿಗೆ. ಗಾಡಿರಸ್ತೆ ಅಶಕ್ತರಿಗೆ. ಗಂಡಸರು ಮೂವರೂ ಬಲಿಷ್ಠರು. ಅಕ್ಕನೂ ನಾನೂ ಪಾತ್ರೆಗಳೂ ಅಶಕ್ತರು. ಸಾವ್ಕಾರರು ಹಿಂಜರಿಯುತ್ತ, "ನಾನು ಆ ನಡೂನ್ ದಾರೀಲೇ ಬತ್ತೀನಿ ಬುದ್ಧಿ, ನೆಳ್ಳಿರ್‍ತದೆ" ಎಂದರು. "ಒಬ್ಬರಿಗೋಸ್ಕರ ಒಂದು ಕ್ಲಾಸು ಮಾಡಕ್ಕಾಗಲ್ಲ, ಸಾವ್ಕಾರ್ರೇ. ನೀವು ನನ್ನ ಜೊತೆ" ಎಂದು ಶೇಕ್ದಾರರು ಅವರ ಬೆನ್ನು ತಟ್ಟಿದರು. ಅಕ್ಕಿ, ಬೆಲ್ಲ, ತುಪ್ಪ ಎಲ್ಲ ಸಾವ್ಕಾರರ ಮನೆಯಿಂದ ಬಂದಿತ್ತು. ಅಂಥವರನ್ನು ಕೆಳಗಿನ ಕ್ಲಾಸಿಗೆ ಹಾಕಲು ಶೇಕ್ದಾರರ ಮರ್ಯಾದೆ ಒಪ್ಪಲಿಲ್ಲವೆಂದು ಕಾಣುತ್ತದೆ.

ಮೊದಲ ಎರಡು ದಿನ ಹೇಗೋ ಕಳೆಯಿತು. ನಾವು ಗಾಡಿಯಲ್ಲಿ ಮುಂದೆ ಹೋಗಿ ಒಲೆ ಹೂಡುವುದು, ಅವರು ಬಂದು ಉಂಡು ನಡಿಗೆಯ ವಿಷಯ ಮಾತಾಡುವುದು. ಮೂರನೆಯ ದಿನ ಪಡುಬಿದ್ರಿಯಿಂದ ಕಾಪುವಿಗೆ. ಕಾಪುವಿನಲ್ಲಿ ಬಂಡೆಯ ಮೇಲೆ ಒಂದು ದೀಪಸ್ತಂಭವಿದೆ. ಅದಕ್ಕೆ ಸ್ವಲ್ಪ ದೂರದಲ್ಲಿ ಒಬ್ಬರು ತಮ್ಮ ಹಿತ್ತಿಲ ಚಪ್ಪರವನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅನ್ನ, ಸಾರು, ಪಾಯಸ ಆಗಿ ಆರತೊಡಗಿತು. ಹೊತ್ತು ನೆತ್ತಿ ದಾಟಿ ವಾಲಿದ ಮೇಲೆ ಗಂಡಸರು ಬಂದರು. ಬಂದವರು ಇಬ್ಬರೇ.

ಶೇಕ್ದಾರರು ಧೊಪ್ಪನೆ ಕೂತು ಬೂಟ್ಸಿಗೆ ಕೈಹಾಕಿದರು. ಒಳಗೆ ಮರಳು ಹೊಕ್ಕು ಪಾದವೆಲ್ಲ ಬೊಬ್ಬೆ.

"ಸಾವ್ಕಾರ್ರೆಲ್ಲಿ?" ಎಂದು ಕೇಳಿದೆ.

"ಬರ್‍ತಾರಮ್ಮ. ಅವರದು ಕೊಂಚ ನಿಧಾನ. ನೀರು ಕೊಡಿ."

"ಎಲ್ಲಿ ಬಿಟ್ರಿ ಅವರ್‍ನ?"

"ಬಿಡೋದೇನು? ಕೂತ್ಕೊಂಡ್ರು. ಬಲಿಷ್ಠರ ದಾರೀಲಿ ಒಬ್ಬರಿಗೋಸ್ಕರ ಎಲ್ಲರೂ ನಿಲ್ಲೋ ಪದ್ಧತಿ ಇಲ್ಲ."

ಎಲ್ಲರೂ ಎಂದರೆ ಯಾರು? ಇವರು ಮತ್ತು ನನ್ನ ಗಂಡ. ನಾನು ಯಜಮಾನರ ಮುಖ ನೋಡಿದೆ. ಅವರು ಚಪ್ಪರದ ಕಂಬವನ್ನು ನೋಡುತ್ತಿದ್ದರು. "ದೀಪದ ಕಂಬ ಕಾಣ್ತಾ ಇತ್ತು. ದಾರಿ ತಪ್ಪೋ ಹಂಗೇನಿಲ್ಲ" ಎಂದರು. ಮತ್ತೆ, "ಲೀಡರ್ ಅವರು. ನಾನೇನು ಮಾಡ್ಲಿ?" ಎಂದರು. ಮದುವೆಯಾಗಿ ಆರೇಳು ವರ್ಷವಾಗಿತ್ತು. ಆ ಮನುಷ್ಯನನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಶೇಕ್ದಾರರಿಗಾದರೂ ದರ್ಪವೆಂಬುದೊಂದಿತ್ತು. ಇವರಿಗೆ ಅದೂ ಇರಲಿಲ್ಲ.

ಅಕ್ಕ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಎದ್ದರು. ನೀರಿನ ತಂಬಿಗೆ ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾ ಕಣವ್ವ, ಓಗಿ ಕರ್‍ಕಬರವ" ಎಂದರು.

"ಎಲ್ಲಿಗೆ? ಊಟಕ್ಕೆ ಬಡಿಸೋರ್‍ಯಾರು?" ಎಂದು ಶೇಕ್ದಾರರು ಗದರಿದರು.

"ಕೈ ಅವಲ್ಲ, ಬಡಿಸ್ಕಳಿ."

ಆಕೆ ಗಂಡನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾವು ಬರಿಗಾಲಿನಲ್ಲಿ ತೆಂಕಲಿಗೆ ನಡೆದೆವು. ಬಿಸಿಲಿಗೆ ಒಣಮರಳು ಕಾವಲಿಯಂತೆ ಕಾದಿತ್ತು. ನೀರಂಚಿನಲ್ಲಿ ನಡೆದರೆ ಅಲೆ ಬಂದು ಸೀರೆ ತೋಯಿಸಿತು. ಅಕ್ಕ ಸಮುದ್ರದ ಕಡೆ ತಿರುಗಿಯೂ ನೋಡದೆ ಮುಂದೆ ಮುಂದೆ ಹೋದರು. ಎಷ್ಟೋ ದೂರ ಹೋದ ಮೇಲೆ ಕೇದಗೆ ಪೊದೆಯ ನೆರಳಿನಲ್ಲಿ ಬಿಳಿಯ ರುಮಾಲು ಕಂಡಿತು. ಸಾವ್ಕಾರರು ಕಾಲು ಚಾಚಿ ಒರಗಿದ್ದರು. ತುಟಿ ಒಡೆದು, ಮುಖ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಬಲೆ ಒಣಗಿಸುತ್ತಿದ್ದ ಒಬ್ಬ ಮುದುಕಿ ಕೂತು ತನ್ನ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಒಡೆದ ಎಳನೀರಿನ ಬುರುಡೆ ಅಲ್ಲೇ ಬಿದ್ದಿತ್ತು. ಅವಳ ತುಳು ಇವರಿಗೆ ಬಾರದು, ಇವರ ಮಾತು ಅವಳಿಗೆ ತಿಳಿಯದು.

ನಮ್ಮನ್ನು ಕಂಡು ಸಾವ್ಕಾರರು ಎದ್ದು ಕೂರಲು ನೋಡಿದರು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಕೂಗ್ದೆ ಕಣ್ರವ್ವ. ಮೇಷ್ಟ್ರು ಒಂದ್ಸಲ ತಿರುಗ್ ನೋಡುದ್ರು. ಆಮೇಕೆ ಓಗ್ಬುಟ್ರು."

ನಾನು ತಲೆ ತಗ್ಗಿಸಿ ಅಕ್ಕನಿಂದ ತಂಬಿಗೆಯನ್ನು ತೆಗೆದುಕೊಂಡು ಅವರ ಕೈಗೆ ಕೊಟ್ಟೆ.

ಬಿಸಿಲು ಇಳಿಯುವವರೆಗೆ ಕೂತಿದ್ದು, ತೆಂಗಿನ ತೋಪಿನೊಳಗಿನ ದಾರಿ ಹಿಡಿದು ಮೆಲ್ಲಗೆ ಹೊರಟೆವು. ನೆರಳು, ನೀರು ಚಿಮುಕಿಸಿದ ಅಂಗಳಗಳು, ಕೂತು ಸುಧಾರಿಸಿಕೊಳ್ಳಲು ಅಲ್ಲಲ್ಲಿ ಮಣ್ಣಿನ ಕಟ್ಟೆಗಳು. ಯಾರೂ ಅವಸರ ಮಾಡದಿದ್ದರೆ ಸಾವ್ಕಾರರು ಚೆನ್ನಾಗಿಯೇ ನಡೆಯುತ್ತಿದ್ದರು. ಆಗಾಗ ನಿಂತು ಯಾವ ಮನೆಯ ಹೆಂಗಸು ಎಂಥ ಸೀರೆ ಉಟ್ಟಿದ್ದಾಳೆಂದು ನೋಡಿ, ಅದು ಎಲ್ಲಿಯ ನೇಯ್ಗೆಯೆಂದು ನಮಗೆ ಹೇಳಿದರು.

ಚಪ್ಪರ ತಲುಪಿದಾಗ ಶೇಕ್ದಾರರು ಗೊರಕೆ ಹೊಡೆಯುತ್ತಿದ್ದರು. ಪಾಯಸದ ಪಾತ್ರೆ ಬರಿದಾಗಿತ್ತು. ಎಚ್ಚರವಾದ ಮೇಲೆ ಅವರು ಸಾವ್ಕಾರರಿಗೆ ಹೇಳಿದ್ದು, "ನೋಡಿದ್ರಾ? ಮನಸ್ಸು ಮಾಡಿದ್ರೆ ಬರ್‍ತೀರಿ!" ಸಾವ್ಕಾರರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಅಕ್ಕ ಬಿಸಿ ಮಾಡಿದ ಅನ್ನವನ್ನು ಉಂಡರು.

ಮರುದಿನ ಶೇಕ್ದಾರರಿಗೆ ನೆಲಕ್ಕೆ ಪಾದ ಊರಲು ಆಗಲಿಲ್ಲ. ಅಶಕ್ತರ ಗಾಡಿಯಲ್ಲಿ ಪಾತ್ರೆಗಳ ನಡುವೆ ಕೂತರು. ಅವರನ್ನು ನೋಡಿಕೊಳ್ಳಬೇಕೆಂದು ಯಜಮಾನರೂ ಗಾಡಿ ಹತ್ತಿದರು. ನಾವು ಮೂವರೂ ತೋಪಿನ ದಾರಿಯಲ್ಲಿ, ಕಡಲು ನೋಡಬೇಕೆನಿಸಿದಾಗ ಮರಳಿಗೆ ಇಳಿದು, ಮಲ್ಪೆಯವರೆಗೆ ನಡೆದೆವು.

ಹಾಸನಕ್ಕೆ ಬಂದ ಮೇಲೆ ಕ್ಲಬ್ಬಿನಲ್ಲಿ ಶೇಕ್ದಾರರ ಭಾಷಣವಾಯಿತು. ಶಕ್ತಿಗೆ ತಕ್ಕ ದಾರಿಯನ್ನು ಹೇಗೆ ಆರಿಸಬೇಕು, ಹಿಂದುಳಿದವರನ್ನು ಲೀಡರಾದವನು ಹೇಗೆ ಹುರಿದುಂಬಿಸಬೇಕು ಎಂದೆಲ್ಲ ವಿವರಿಸಿದರಂತೆ. ಸಾವ್ಕಾರರು ಹೋಗಲಿಲ್ಲ. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಬಂದು, "ಬಹಳ ಚೆನ್ನಾಗಿ ಮಾತಾಡಿದರು" ಎಂದರು. "ನೀವು ಚಪ್ಪಾಳೆ ತಟ್ಟಿದ್ರಾ?" ಎಂದೆ. "ಎಲ್ಲರೂ ತಟ್ಟಿದರು" ಎಂದರು. ಅವರ ಮೇಲೆ ಕೋಪವಾದರೂ ಬಂದಿದ್ದರೆ ಚೆನ್ನಾಗಿತ್ತು. ತಟ್ಟೆ ಹಾಕಿ ಬಡಿಸಿದೆ.

ಮುಂದಿನ ವರ್ಷ ಅಕ್ಕ, ನಾನು, ಸಾವ್ಕಾರರು, ಅವರ ಹೆಂಡತಿ, ನಾಲ್ವರೇ ಹೊರಟೆವು. ಶೇಕ್ದಾರರು ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿಯ ಹೊರಗೆ ನಿಂತು, ಯಾರು ಯಾವ ದಾರಿಯಲ್ಲಿ ನಡೆಯಬೇಕೆಂದು ಬೆತ್ತದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸತೊಡಗಿದರು. ಅಕ್ಕ ಸಾವ್ಕಾರರ ಹೆಂಡತಿಗೆ ಎಲೆಯಡಿಕೆ ಕೊಡುತ್ತಿದ್ದರು. ಶೇಕ್ದಾರರು ಎರಡನೆಯ ಗೆರೆ ಎಳೆಯುತ್ತಿದ್ದಾಗ ಬಸ್ಸು ಹೊರಟಿತು.